ತೂಕ ಇಳಿಸುವ ಗಿಡಮೂಲಿಕೆ ಚಹಾ: ಕರಗುವುದು ಕೊಬ್ಬಲ್ಲ, ದೇಹದ ನೀರು

ಬೆಂಗಳೂರು: ಔಷಧ ಅಂಗಡಿಯ ಕಪಾಟಿನಿಂದ ಮೊಬೈಲ್ ಪರದೆಯ ಜಾಹೀರಾತಿನವರೆಗೆ ಎಲ್ಲೆಡೆ ಈಗ ‘ಡಿಟಾಕ್ಸ್ ಟೀ’ ಪೊಟ್ಟಣಗಳದ್ದೇ ಸದ್ದು. ಎರಡು ವಾರ ಅಥವಾ ನಾಲ್ಕು ವಾರ ಕುಡಿದರೆ ಸಾಕು, ದೇಹದಲ್ಲಿ ಸೇರಿಕೊಂಡಿರುವ ವಿಷವೆಲ್ಲ ಹೊರಹೋಗುತ್ತದೆ, ಹೊಟ್ಟೆಯ ಬೊಜ್ಜು ಕರಗುತ್ತದೆ, ದಿನವಿಡೀ ಚೈತನ್ಯ ಉಕ್ಕುತ್ತದೆ ಎಂಬುದು ಇವುಗಳ ಸಾಮಾನ್ಯ ಭರವಸೆ. ಮಾತ್ರೆ ನುಂಗುವ ಗೋಜಿಲ್ಲ, ವ್ಯಾಯಾಮದ ಶ್ರಮವಿಲ್ಲ, ಪಥ್ಯದ ಕಟ್ಟುನಿಟ್ಟಿಲ್ಲ. ರಾತ್ರಿ ಮಲಗುವ ಮುನ್ನ ಒಂದು ಬಟ್ಟಲು ಬಿಸಿ ಚಹಾ, ಅಷ್ಟೆ.

‘ಗಿಡಮೂಲಿಕೆಯಲ್ಲವೇ, ಗುಣವಾಗದಿದ್ದರೂ ಕೇಡಂತೂ ಆಗದು’ ಎಂಬ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ, ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 24ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 30ರ ಆಸುಪಾಸಿನಲ್ಲಿದೆ. ಸುಲಭ ಪರಿಹಾರವನ್ನು ಅರಸುವವರ ಸಂಖ್ಯೆ ದೊಡ್ಡದಿರುವಾಗ ಅದನ್ನು ಮಾರುವವರಿಗೂ ಕೊರತೆಯಿಲ್ಲ. ಆದರೆ ಈ ಪೊಟ್ಟಣಗಳ ಒಳಗೆ ಏನಿದೆ, ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತವರು ವಿರಳ.

ವಿಷ ಹೊರಹಾಕುವವರು ಯಾರು?

‘ದೇಹಶುದ್ಧಿ’ಯ ಮಾತನ್ನೇ ಮೊದಲು ಪರಿಶೀಲಿಸುವುದು ಒಳಿತು. ಮನುಷ್ಯನ ದೇಹದಲ್ಲಿ ಈ ಕಾರ್ಯಕ್ಕೆಂದೇ ಎರಡು ಮುಖ್ಯ ಅಂಗಗಳಿವೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಮದ್ಯ, ಔಷಧ ಹಾಗೂ ಆಹಾರದಲ್ಲಿನ ಬೇಡದ ರಾಸಾಯನಿಕಗಳನ್ನು ಒಡೆದು, ಪಿತ್ತರಸ ಅಥವಾ ಮೂತ್ರದ ಮೂಲಕ ಹೊರಹೋಗುವಂತೆ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಹಿಂದಕ್ಕೆ ಪಡೆದು, ಒಂದೆರಡು ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ವಿಸರ್ಜಿಸುತ್ತವೆ. ಆರೋಗ್ಯವಂತರಲ್ಲಿ ಈ ವ್ಯವಸ್ಥೆಗೆ ಚಹಾದ ಸಹಾಯ ಬೇಕಿಲ್ಲ. ಅಂಗಗಳೇ ಕೆಟ್ಟಿದ್ದರೆ ಅದಕ್ಕೆ ಆಸ್ಪತ್ರೆಯ ಚಿಕಿತ್ಸೆ ಬೇಕೇ ಹೊರತು ಪೊಟ್ಟಣದ ಕಷಾಯ ಸಾಲದು.

ಇನ್ನೊಂದು ಅಂಶವೂ ಗಮನಾರ್ಹ. ಯಾವ ವಿಷ, ಎಷ್ಟು ಪ್ರಮಾಣದಲ್ಲಿತ್ತು, ಚಹಾ ಕುಡಿದ ಮೇಲೆ ಎಷ್ಟಕ್ಕೆ ಇಳಿಯಿತು ಎಂಬುದನ್ನು ಈ ಜಾಹೀರಾತುಗಳು ಹೇಳುವುದೇ ಇಲ್ಲ. ಹೆಸರಿಲ್ಲದ ವಿಷವನ್ನು ಹೊರಹಾಕಿದೆವೆಂದರೆ ಪರೀಕ್ಷಿಸಿ ನೋಡುವುದಾದರೂ ಹೇಗೆ?

ಪೊಟ್ಟಣದೊಳಗಿನ ಸೋನಾಮುಖಿ

ಇಂಥ ಬಹುತೇಕ ಚಹಾಗಳ, ಅದರಲ್ಲೂ ‘ರಾತ್ರಿಯ ಚಹಾ’ಗಳ ನಿಜವಾದ ಕಾರ್ಯಶಕ್ತಿ ಇರುವುದು ಸೋನಾಮುಖಿ ಎಲೆಯಲ್ಲಿ. ಕನ್ನಡದಲ್ಲಿ ನೆಲಾವರಿಕೆ ಎಂದೂ ಕರೆಯಲಾಗುವ ಈ ಗಿಡ ಇಂಗ್ಲಿಷಿನಲ್ಲಿ ‘ಸೆನ್ನಾ’. ತಮಿಳುನಾಡಿನ ತಿರುನೆಲ್ವೇಲಿ ಭಾಗದಲ್ಲಿ ಹೇರಳವಾಗಿ ಬೆಳೆಯುವ ಕಾರಣ ಜಾಗತಿಕ ಮಾರುಕಟ್ಟೆಯಲ್ಲಿ ಇದಕ್ಕೆ ‘ಟಿನ್ನೆವೆಲ್ಲಿ ಸೆನ್ನಾ’ ಎಂಬ ಹೆಸರೇ ಇದೆ. ವಿದೇಶಿ ಹೆಸರಿನ ಎಷ್ಟೋ ಚಹಾಗಳಲ್ಲಿರುವುದು ಭಾರತದ್ದೇ ಎಲೆ.

ಸೋನಾಮುಖಿ ಕೆಟ್ಟ ಗಿಡವೇನಲ್ಲ. ಮಲಬದ್ಧತೆಗೆ ಅಲ್ಪಕಾಲದ ಔಷಧವಾಗಿ ಆಧುನಿಕ ವೈದ್ಯಪದ್ಧತಿಯೂ ಅದನ್ನು ಒಪ್ಪಿಕೊಂಡಿದೆ. ಅದರಲ್ಲಿರುವ ‘ಸೆನ್ನೊಸೈಡ್’ ಎಂಬ ಅಂಶ ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಒಡೆದು ಸಕ್ರಿಯಗೊಳಿಸುತ್ತವೆ. ಆಗ ಕರುಳು ಜೋರಾಗಿ ಸಂಕುಚಿಸತೊಡಗುತ್ತದೆ ಮತ್ತು ಹೀರಿಕೊಳ್ಳಬೇಕಾದ ನೀರನ್ನು ಹೀರಿಕೊಳ್ಳದೆ ಬಿಟ್ಟುಬಿಡುತ್ತದೆ. ಆರರಿಂದ ಹನ್ನೆರಡು ಗಂಟೆಗಳಲ್ಲಿ ಭೇದಿಯಾಗುತ್ತದೆ. ರಾತ್ರಿ ಕುಡಿದವರಿಗೆ ಬೆಳಿಗ್ಗೆ ಹೊಟ್ಟೆ ಹಗುರವಾದಂತೆ ಅನಿಸುವುದು ಇದರಿಂದಲೇ. ವೈದ್ಯರ ಸಲಹೆಯಿಲ್ಲದೆ ಒಂದು ವಾರಕ್ಕಿಂತ ಹೆಚ್ಚು ಕಾಲ ಇದನ್ನು ಬಳಸಬಾರದೆಂಬುದು ಔಷಧಶಾಸ್ತ್ರದ ಸಾಮಾನ್ಯ ಎಚ್ಚರಿಕೆ. ಆದರೆ ಚಹಾ ಪೊಟ್ಟಣಗಳ ‘ಕೋರ್ಸ್’ ಇರುವುದೇ ಎರಡು ಅಥವಾ ನಾಲ್ಕು ವಾರಗಳದ್ದು!

ಆಯುರ್ವೇದದ ದೃಷ್ಟಿಯಿಂದಲೂ ಈ ಅಭ್ಯಾಸ ಸಮರ್ಥನೀಯವಲ್ಲ. ಪಂಚಕರ್ಮಗಳಲ್ಲಿ ಒಂದಾದ ವಿರೇಚನವನ್ನು ರೋಗಿಯ ಬಲಾಬಲ ನೋಡಿ, ಸ್ನೇಹನ, ಸ್ವೇದನಗಳ ಪೂರ್ವಸಿದ್ಧತೆಯೊಂದಿಗೆ, ವೈದ್ಯರ ಉಸ್ತುವಾರಿಯಲ್ಲಿ ಮಾಡಿಸಲಾಗುತ್ತದೆ. ನಂತರ ಗಂಜಿಯಿಂದ ಆರಂಭಿಸಿ ಕ್ರಮೇಣ ಸಾಮಾನ್ಯ ಆಹಾರಕ್ಕೆ ಮರಳುವ ಪಥ್ಯವೂ ಇದೆ. ದುರ್ಬಲರು, ಗರ್ಭಿಣಿಯರಂಥವರಿಗೆ ಅದು ನಿಷಿದ್ಧ. ಯಾರು, ಯಾವಾಗ, ಎಷ್ಟು ಎಂಬ ವಿವೇಚನೆಯಿಲ್ಲದೆ ಪ್ರತಿರಾತ್ರಿ ಭೇದಿಯ ಎಲೆ ಕುಡಿಯುವುದಕ್ಕೆ ಆ ಶಾಸ್ತ್ರದ ಹೆಸರು ಬಳಸುವುದು ಆ ಶಾಸ್ತ್ರಕ್ಕೇ ಮಾಡುವ ಅನ್ಯಾಯ.

ತೂಕದ ಯಂತ್ರ ಹೇಳುವ ಸುಳ್ಳು

ಹಾಗಾದರೆ ವಾರದಲ್ಲಿ ಎರಡು ಕಿಲೋ ಇಳಿದದ್ದು ಸುಳ್ಳೇ? ಇಳಿದದ್ದು ನಿಜ, ಆದರೆ ಇಳಿದದ್ದು ಕೊಬ್ಬಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಭೇದಿಯಲ್ಲಿ ನೀರು ಹೋದಷ್ಟೂ ತೂಕದ ಯಂತ್ರದ ಮುಳ್ಳು ಕೆಳಗಿಳಿಯುತ್ತದೆ. ಒಂದು ಕಿಲೋ ದೇಹದ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳಷ್ಟು ಕೊರತೆ ಉಂಟಾಗಬೇಕು. ಯಾವ ಎಲೆಯ ಕಷಾಯವೂ ಒಂದು ರಾತ್ರಿಯಲ್ಲಿ ಅದನ್ನು ಸಾಧಿಸಲಾರದು.

ಉಂಡ ಅನ್ನ, ಎಣ್ಣೆ, ಸಕ್ಕರೆಗಳ ಶಕ್ತಿಯನ್ನು ದೇಹ ಬಹುಪಾಲು ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ. ಸೋನಾಮುಖಿ ಕೆಲಸ ಮಾಡುವುದು ಅದರ ಮುಂದಿನ ಹಂತವಾದ ದೊಡ್ಡ ಕರುಳಿನಲ್ಲಿ. ಅಂದರೆ ಅದು ಕೆಲಸ ಆರಂಭಿಸುವ ಹೊತ್ತಿಗೆ ಊಟದ ಕ್ಯಾಲೊರಿಗಳು ಆಗಲೇ ರಕ್ತ ಸೇರಿರುತ್ತವೆ. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವಿರೇಚಕದಿಂದ ಹಲವು ಲೀಟರ್‌ಗಳಷ್ಟು ಭೇದಿಯಾದರೂ ಆಹಾರದ ಕ್ಯಾಲೊರಿ ಹೀರಿಕೆ ಕಡಿಮೆಯಾದದ್ದು ಕೇವಲ ಶೇ 12ರಷ್ಟು ಎಂದು ಕಂಡುಬಂದಿತ್ತು.

ಚಹಾ ನಿಲ್ಲಿಸಿದ ಕೂಡಲೇ ದೇಹ ಕಳೆದುಕೊಂಡ ನೀರನ್ನು ಮತ್ತೆ ತುಂಬಿಕೊಳ್ಳುತ್ತದೆ, ತೂಕ ಮರಳುತ್ತದೆ. ಜತೆಗೆ ಮಲಬದ್ಧತೆ, ಹೊಟ್ಟೆಯುಬ್ಬರವೂ ಕಾಣಿಸಿಕೊಳ್ಳಬಹುದು. ‘ಚಹಾ ಬಿಟ್ಟಿದ್ದರಿಂದಲೇ ದಪ್ಪವಾದೆ’ ಎಂದು ಭಾವಿಸಿ ಮತ್ತೊಂದು ಪೊಟ್ಟಣ ತರಿಸಿಕೊಳ್ಳುವವರು ಈ ವರ್ತುಲದಿಂದ ಹೊರಬರುವುದು ಕಷ್ಟ.

ಹೃದಯಕ್ಕೆ ತಟ್ಟುವ ಪೆಟ್ಟು

ಭೇದಿಯಲ್ಲಿ ನೀರಿನೊಂದಿಗೆ ಪೊಟ್ಯಾಸಿಯಂ, ಸೋಡಿಯಂನಂಥ ಲವಣಾಂಶಗಳೂ ಹೋಗುತ್ತವೆ. ಸ್ನಾಯುಗಳ ಬಲಕ್ಕೂ ಹೃದಯದ ಬಡಿತದ ಲಯಕ್ಕೂ ಪೊಟ್ಯಾಸಿಯಂ ಅತ್ಯಗತ್ಯ. ಅದು ಕುಸಿದರೆ ಮೊದಲು ಸುಸ್ತು, ಕಾಲಿನ ಸ್ನಾಯು ಸೆಳೆತ ಕಾಣಿಸುತ್ತವೆ. ತೀವ್ರವಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಇಂಥ ‘ಡಯಟ್ ಚಹಾ’ಗಳ ಬಗ್ಗೆ ವಿಚಾರಣೆ ನಡೆದಾಗ, ನಾಲ್ವರು ಯುವತಿಯರ ಸಾವಿಗೆ ಅವುಗಳಲ್ಲಿನ ವಿರೇಚಕ ಮೂಲಿಕೆಗಳು ಕಾರಣವಾಗಿದ್ದಿರಬಹುದೆಂಬ ಅಭಿಪ್ರಾಯ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಸಲಹಾ ತಂಡದಿಂದ 1995ರಲ್ಲಿ ವ್ಯಕ್ತವಾಗಿತ್ತು.

ಚಹಾದ ರುಚಿಗೆಂದು ಸೇರಿಸುವ ಅತಿಮಧುರವೂ ಇಲ್ಲಿ ನಿರಪಾಯಕಾರಿಯಲ್ಲ. ಅದರಲ್ಲಿನ ‘ಗ್ಲಿಸರೈಜಿನ್’ ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಸೋನಾಮುಖಿ ಮತ್ತು ಅತಿಮಧುರ ಒಂದೇ ಪೊಟ್ಟಣದಲ್ಲಿದ್ದರೆ ನಷ್ಟ ಇಮ್ಮಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯದ ತೊಂದರೆಗೆ ಡಿಗಾಕ್ಸಿನ್ ಸೇವಿಸುವವರಿಗಂತೂ ಇದು ಪ್ರಾಣಕ್ಕೇ ಸಂಚಕಾರ ತರಬಲ್ಲುದು.

‘ಚೈತನ್ಯ’ದ ಗುಟ್ಟು

ಹಗಲು ಕುಡಿಯುವ ಚಹಾಗಳು ನೀಡುವ ‘ಶಕ್ತಿ’ಯ ಮೂಲ ಬಹುತೇಕ ಕೆಫೀನ್. ಹಸಿರು ಚಹಾ, ಗುವಾರಾನಾ, ಯೆರ್ಬಾ ಮಾಟೆ ಎಂದು ಹೆಸರುಗಳು ಬೇರೆ ಬೇರೆಯಾದರೂ ಇವೆಲ್ಲವುಗಳಲ್ಲಿಯೂ ಇರುವುದು ಅದೇ ವಸ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. 150 ಮಿಲಿಲೀಟರ್‌ನ ಒಂದು ಬಟ್ಟಲು ಸಾಮಾನ್ಯ ಚಹಾದಲ್ಲಿ 30ರಿಂದ 65, ಫಿಲ್ಟರ್ ಕಾಫಿಯಂಥ ಕುದಿಸಿ ಬಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಮನೆಯ ಕಾಫಿಯೊಂದಿಗೆ ಈ ಚಹಾವನ್ನೂ ಸೇರಿಸಿಕೊಂಡರೆ ಮಿತಿ ಮೀರುವುದು ಸುಲಭ. ಎದೆಬಡಿತ, ನಿದ್ರಾಹೀನತೆ, ಕೈನಡುಕಗಳನ್ನು ‘ಚೈತನ್ಯ’ವೆಂದು ಭಾವಿಸುವವರೂ ಇದ್ದಾರೆ.

ಕೆಫೀನ್‌ಗಿಂತ ಉಗ್ರವಾದ ಉತ್ತೇಜಕವೊಂದರ ಕಥೆ ಇಲ್ಲಿ ಪ್ರಸ್ತುತ. ಚೀನಾದಲ್ಲಿ ‘ಮಾ ಹುವಾಂಗ್’ ಎನ್ನಲಾಗುವ ಎಫೆಡ್ರಾ ಮೂಲಿಕೆ ತೂಕ ಇಳಿಸುವ ಪೂರಕಗಳ ರೂಪದಲ್ಲಿ ಅಮೆರಿಕದಲ್ಲಿ ವ್ಯಾಪಕವಾಗಿ ಮಾರಾಟವಾಗುತ್ತಿತ್ತು. 2003ರ ಫೆಬ್ರವರಿಯಲ್ಲಿ 23 ವರ್ಷದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಅಭ್ಯಾಸದ ವೇಳೆ ಉಷ್ಣಾಘಾತಕ್ಕೆ ತುತ್ತಾಗಿ ಮೃತಪಟ್ಟಾಗ, ಅವರು ಸೇವಿಸುತ್ತಿದ್ದ ಎಫೆಡ್ರಾ ಕೂಡ ಅದಕ್ಕೆ ಕಾರಣವೆಂದು ಶವಪರೀಕ್ಷಕರು ಗುರುತಿಸಿದರು. ಹೃದಯಾಘಾತ, ಪಾರ್ಶ್ವವಾಯುವಿನ ವರದಿಗಳೂ ಸೇರಿಕೊಂಡು, 2004ರಲ್ಲಿ ಅಮೆರಿಕ ಇಂಥ ಪೂರಕಗಳನ್ನು ನಿಷೇಧಿಸಿತು. ಅದೂ ‘ನೈಸರ್ಗಿಕ’ ಗಿಡಮೂಲಿಕೆಯೇ ಆಗಿತ್ತು ಎಂಬುದನ್ನು ಮರೆಯಲಾಗದು.

ಸುಸ್ತಿಗೆ ಚಹಾ ಮದ್ದೆಂದು ನಂಬುವುದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆಗಳ ಮೊದಲ ಲಕ್ಷಣವೇ ದಣಿವು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಚಹಾದಲ್ಲಿನ ಟ್ಯಾನಿನ್ ಆಹಾರದ ಕಬ್ಬಿಣಾಂಶ ರಕ್ತ ಸೇರದಂತೆ ತಡೆಯುತ್ತದೆ. ರಕ್ತಹೀನತೆಯಿಂದ ಬಳಲುವ ಮಹಿಳೆ ಪರೀಕ್ಷೆ ಮಾಡಿಸದೆ ಊಟದ ಜತೆಗೆ ‘ಎನರ್ಜಿ ಟೀ’ ಕುಡಿಯುತ್ತಾ ಹೋದರೆ ಮೂಲ ರೋಗವನ್ನು ತಾನೇ ಪೋಷಿಸಿದಂತಾಗುತ್ತದೆ.

ಉಪ್ಪಾಗೆಯಿಂದ ‘ಗಾರ್ಸಿನಿಯಾ’ವರೆಗೆ

ತೂಕ ಇಳಿಸುವ ಉತ್ಪನ್ನಗಳ ಮೇಲೆ ಕಾಣುವ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಮಲೆನಾಡಿನವರಿಗೆ ಅಪರಿಚಿತವಲ್ಲ. ಅದು ಪಶ್ಚಿಮ ಘಟ್ಟದ ಉಪ್ಪಾಗೆ. ಉತ್ತರ ಕನ್ನಡದ ಕಡೆ ಇದರ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುವುದೂ ಬೀಜದಿಂದ ತುಪ್ಪ ತೆಗೆಯುವುದೂ ರೂಢಿಯಲ್ಲಿವೆ. ಕೊಡಗಿನ ಕಾಚಂಪುಳಿಯೂ ಇದೇ ಹಣ್ಣಿನ ಕೊಡುಗೆ. ಇದರಲ್ಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯಬಲ್ಲುದೆಂಬ ಪ್ರಯೋಗಾಲಯದ ಸುಳಿವೇ ಜಾಗತಿಕ ಬೇಡಿಕೆಗೆ ನಾಂದಿಯಾಯಿತು.

ಆದರೆ ಮನುಷ್ಯರ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಬೇರೆಯೇ ಬಂತು. 135 ಮಂದಿಯ ಮೇಲೆ 12 ವಾರ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾರ್ಸಿನಿಯಾ ಪಡೆದವರ ತೂಕ ಸರಾಸರಿ 3.2 ಕಿಲೋ ಇಳಿದರೆ, ಹುಸಿ ಮಾತ್ರೆ ಪಡೆದವರದ್ದು 4.1 ಕಿಲೋ ಇಳಿದಿತ್ತು. ಇಬ್ಬರೂ ಪಾಲಿಸಿದ್ದ ಪಥ್ಯವೇ ತೂಕ ಇಳಿಸಿತ್ತೇ ಹೊರತು ಗಾರ್ಸಿನಿಯಾ ಅಲ್ಲ. ಅದಾದ ನಂತರದ ವರ್ಷಗಳಲ್ಲಿ ಗಾರ್ಸಿನಿಯಾ ಸಾರವುಳ್ಳ ಉತ್ಪನ್ನ ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡುಗೆಗೆ ಹಾಕುವ ಒಂದು ಚೂರು ಸಿಪ್ಪೆಗೂ ಸಾಂದ್ರಗೊಳಿಸಿದ ಸಾರವನ್ನು ತಿಂಗಳುಗಟ್ಟಲೆ ಸೇವಿಸುವುದಕ್ಕೂ ಅಜಗಜಾಂತರವಿದೆ.

ಯಕೃತ್ತಿಗೆ ಹೊರೆ

ಹಸಿರು ಚಹಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಲೆಯನ್ನು ಬಿಸಿನೀರಿಗೆ ಹಾಕಿ ಕುಡಿಯುವುದು ಸಾಮಾನ್ಯವಾಗಿ ಸುರಕ್ಷಿತ. ಆದರೆ ಅದರ ‘ಕ್ಯಾಟೆಚಿನ್’ ಅಂಶವನ್ನು ಸಾಂದ್ರಗೊಳಿಸಿದ ಪೂರಕಗಳ ಬಗ್ಗೆ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಕೆ ನೀಡಿತು. ‘ಇಜಿಸಿಜಿ’ ಎಂಬ ಮುಖ್ಯ ಕ್ಯಾಟೆಚಿನ್ ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾದರೆ ಯಕೃತ್ತಿಗೆ ಹಾನಿಯಾಗುತ್ತಿರುವ ಸೂಚನೆಗಳು ರಕ್ತದಲ್ಲಿ ಕಾಣುತ್ತವೆ ಎಂಬುದು ಅದರ ನಿಷ್ಕರ್ಷೆ. ಐರೋಪ್ಯ ಒಕ್ಕೂಟ 2022ರಲ್ಲಿ ಈ ಪ್ರಮಾಣಕ್ಕೆ ಕಾನೂನಿನ ಮಿತಿ ಹಾಕಿತು.

ಕೋವಿಡ್ ಕಾಲದಲ್ಲಿ ಮನೆಮನೆಯ ಕಷಾಯವಾಗಿದ್ದ ಅಮೃತಬಳ್ಳಿಯ ವಿಚಾರವೂ ಚರ್ಚೆಗೆ ಒಳಗಾಯಿತು. ಅದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿನ ಹಾನಿ ಕಂಡುಬಂದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ಅಧ್ಯಯನ ಪ್ರಕಟವಾಯಿತು. ಕೇಂದ್ರ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಆದರೆ ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯನ್ನು ಬಳಸದಂತೆ ಎಚ್ಚರ ವಹಿಸಬೇಕು ಎಂದಿತು. ವಾದ ಯಾವುದೇ ಇರಲಿ, ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಯಾವ ಬಳ್ಳಿ ಎಂದು ಗುರುತಿಸುವ ಸಾಮರ್ಥ್ಯ ಗ್ರಾಹಕನಿಗಿಲ್ಲ.

ಬ್ರಸೆಲ್ಸ್ ಕಲಿಸಿದ ಪಾಠ

ಒಂದು ಮೂಲಿಕೆಯ ಬದಲಿಗೆ ಇನ್ನೊಂದು ಬಂದರೆ ಏನಾಗಬಹುದು ಎಂಬುದಕ್ಕೆ ಬೆಲ್ಜಿಯಂನ ದುರಂತವೇ ಸಾಕ್ಷಿ. ರಾಜಧಾನಿ ಬ್ರಸೆಲ್ಸ್‌ನ ತೂಕ ಇಳಿಸುವ ಚಿಕಿತ್ಸಾಲಯವೊಂದು 1990ರ ದಶಕದ ಆರಂಭದಲ್ಲಿ ಚೀನೀ ಮೂಲಿಕೆಗಳನ್ನು ಬಳಸತೊಡಗಿತು. ‘ಫಾಂಗ್‌ಜಿ’ ಎಂಬ ಮೂಲಿಕೆಯ ಬದಲಿಗೆ ಹೆಸರಿನಲ್ಲಿ ಅದನ್ನೇ ಹೋಲುವ, ಅರಿಸ್ಟೊಲೊಕಿಯಾ ಜಾತಿಯ ಬೇರು ಮಿಶ್ರಣ ಸೇರಿಬಿಟ್ಟಿತು. ನೂರಕ್ಕೂ ಹೆಚ್ಚು ಮಂದಿ, ಅದರಲ್ಲಿ ಬಹುಪಾಲು ಮಹಿಳೆಯರು, ಮೂತ್ರಪಿಂಡದ ರೋಗಕ್ಕೆ ತುತ್ತಾದರು. ಅನೇಕರಿಗೆ ಡಯಾಲಿಸಿಸ್ ಅಥವಾ ಮೂತ್ರಪಿಂಡ ಕಸಿ ಅನಿವಾರ್ಯವಾಯಿತು.

ವಿಪತ್ತು ಅಲ್ಲಿಗೇ ಮುಗಿಯಲಿಲ್ಲ. ಕೆಟ್ಟ ಮೂತ್ರಪಿಂಡಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆಸಿಕೊಂಡ 39 ಮಂದಿಯ ಪೈಕಿ 18 ಜನರಲ್ಲಿ ಮೂತ್ರನಾಳದ ಕ್ಯಾನ್ಸರ್ ಇದ್ದುದು 2000ರಲ್ಲಿ ಬೆಳಕಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಜಾತಿಯ ಗಿಡಗಳುಳ್ಳ ಔಷಧಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ನಮ್ಮ ಹಳ್ಳಿಗಳಲ್ಲಿ ನಾಟಿ ಮದ್ದಾಗಿ ಹೆಸರಾದ ಈಶ್ವರಿ ಬಳ್ಳಿಯೂ ಇದೇ ಅರಿಸ್ಟೊಲೊಕಿಯಾ ಕುಲಕ್ಕೆ ಸೇರಿದ್ದು ಎಂಬುದು ತಿಳಿದಿರಬೇಕಾದ ಸಂಗತಿ.

ಹೇಳದೆ ಬೆರೆಸುವ ಔಷಧ

ಕೆಲವು ಉತ್ಪನ್ನಗಳು ನಿಜಕ್ಕೂ ಹಸಿವು ಕುಗ್ಗಿಸುತ್ತವೆ. ಅನುಮಾನ ಪಡಬೇಕಾದುದು ಅಲ್ಲಿಯೇ. ಹಸಿವು ಕುಗ್ಗಿಸುವ ಸಿಬುಟ್ರಮಿನ್ ಎಂಬ ಔಷಧವು ಹೃದಯರೋಗದ ಅಪಾಯವಿರುವ ಸುಮಾರು 10 ಸಾವಿರ ಮಂದಿಯ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳನ್ನು ಶೇ 16ರಷ್ಟು ಹೆಚ್ಚಿಸಿದ್ದು ಕಂಡುಬಂತು. 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು. 2011ರಲ್ಲಿ ಭಾರತವೂ ನಿಷೇಧಿಸಿತು. ಆದರೆ ‘ಶೇ 100 ನೈಸರ್ಗಿಕ’ ಎಂಬ ಚೀಟಿ ಹೊತ್ತ ಚಹಾ, ಕಾಫಿ, ಕ್ಯಾಪ್ಸೂಲ್‌ಗಳಲ್ಲಿ ಇದೇ ಔಷಧ ಗುಟ್ಟಾಗಿ ಬೆರೆತಿರುವುದನ್ನು ಅಮೆರಿಕದ ಔಷಧ ಆಡಳಿತ ಪದೇಪದೇ ಪತ್ತೆಹಚ್ಚಿದೆ.

ಕಾನೂನು ಏನು ಹೇಳುತ್ತದೆ?

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜು ಕೂಡ ಸೇರಿದೆ. ಅಂದರೆ ಬೊಜ್ಜು ಗುಣಪಡಿಸುತ್ತೇವೆಂದು ಸಾರ್ವಜನಿಕರಿಗೆ ಔಷಧದ ಜಾಹೀರಾತು ನೀಡುವಂತಿಲ್ಲ. ಇದರಿಂದ ಪಾರಾಗಲೆಂದೇ ಅನೇಕ ಚಹಾಗಳು ‘ಆಹಾರ’ದ ವೇಷ ತೊಡುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ಚಹಾ ಗಿಡದ ಎಲೆಯಿಂದ ಮಾಡದ ಪಾನೀಯಗಳನ್ನು ‘ಚಹಾ’ ಎಂದು ಕರೆಯುವುದು ದಾರಿ ತಪ್ಪಿಸುವ ಕ್ರಮ ಎಂದು 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಆರೋಗ್ಯದ ಬಗ್ಗೆ ಸಲಹೆ ನೀಡುವ ಜಾಲತಾಣ ಪ್ರಭಾವಿಗಳು ತಮ್ಮ ಅರ್ಹತೆಯನ್ನು ತಿಳಿಸಬೇಕೆಂಬ ಮಾರ್ಗಸೂಚಿ 2023ರಲ್ಲೇ ಬಂದಿದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2020ರ ಮಾರ್ಚ್‌ನಲ್ಲಿ ‘ಟೀಮಿ’ ಎಂಬ ಚಹಾ ಕಂಪನಿಯ ವಿರುದ್ಧ ಕ್ರಮ ಕೈಗೊಂಡಿತು. ತೂಕ ಇಳಿಕೆಯಿಂದ ಹಿಡಿದು ಕ್ಯಾನ್ಸರ್ ವಿರುದ್ಧದ ಹೋರಾಟದವರೆಗೆ ಆಧಾರವಿಲ್ಲದ ಭರವಸೆ ನೀಡಿದ್ದು, ಹಣ ಪಡೆದ ಪ್ರಭಾವಿಗಳಿಂದ ಅದನ್ನು ಸ್ಪಷ್ಟಪಡಿಸದೆ ಪ್ರಚಾರ ಮಾಡಿಸಿದ್ದು ಅದರ ಮೇಲಿನ ಆರೋಪ. ಕಂಪನಿ 10 ಲಕ್ಷ ಡಾಲರ್ ಪಾವತಿಸಬೇಕಾಯಿತು. 10 ಮಂದಿ ಪ್ರಭಾವಿಗಳಿಗೆ ಎಚ್ಚರಿಕೆ ಪತ್ರ ಹೋಯಿತು.

ಗ್ರಾಹಕರು ಗಮನಿಸಬೇಕಾದುದು

* ಪೊಟ್ಟಣದ ಮೇಲೆ ಸೋನಾಮುಖಿ, ಸೆನ್ನಾ, ಸನಾಯ್, ಸ್ವರ್ಣಪತ್ರಿ ಎಂದಿದ್ದರೆ ಅದು ಭೇದಿಯ ಔಷಧ. ನಿತ್ಯದ ಪಾನೀಯವಲ್ಲ.

* ಪ್ರತಿ ಮೂಲಿಕೆಯ ಪ್ರಮಾಣ ಬರೆಯದೆ ‘ವಿಶೇಷ ಮಿಶ್ರಣ’ ಎಂದಷ್ಟೇ ಇದ್ದರೆ, ತಯಾರಕರ ವಿಳಾಸ ಅಥವಾ ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಕೊಳ್ಳದಿರುವುದೇ ಲೇಸು.

* ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ವೃದ್ಧರು ಹಾಗೂ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇರುವವರು ಇವುಗಳಿಂದ ದೂರವಿರಬೇಕು.

* ಭೇದಿಯಾಗುತ್ತಿದ್ದರೆ ಗರ್ಭನಿರೋಧಕ ಮಾತ್ರೆಯೂ ಸೇರಿದಂತೆ ಇತರ ಔಷಧಗಳು ಸರಿಯಾಗಿ ದೇಹಗತವಾಗದೆ ಹೋಗಬಹುದು. ಯಾವುದೇ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇವನ್ನು ಆರಂಭಿಸಬಾರದು.

* ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಬಲಭಾಗದ ಮೇಲ್ಹೊಟ್ಟೆ ನೋವು, ಎದೆಬಡಿತದ ಏರುಪೇರು, ಮೂತ್ರ ಕಡಿಮೆಯಾಗುವುದು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಪೊಟ್ಟಣವನ್ನೂ ಒಯ್ಯಬೇಕು. ಅನೇಕರು ‘ಅದು ಬರೀ ಚಹಾ’ ಎಂದುಕೊಂಡು ವೈದ್ಯರಿಗೆ ಹೇಳುವುದೇ ಇಲ್ಲ.

* ಔಷಧಗಳ ಅಡ್ಡಪರಿಣಾಮವನ್ನು ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮನೆಯ ಜೀರಿಗೆ-ಕೊತ್ತಂಬರಿ ಕಷಾಯ, ಶುಂಠಿ ಅಥವಾ ತುಳಸಿಯ ನೀರಿಗೆ ಹೆದರಬೇಕಿಲ್ಲ. ಅಡುಗೆಮನೆಯ ಪ್ರಮಾಣದಲ್ಲಿ ಅವು ಹಿತಕರ ಪಾನೀಯಗಳು. ಅವುಗಳಿಂದ ಬೊಜ್ಜು ಕರಗುತ್ತದೆಂದು ನಿರೀಕ್ಷಿಸಬಾರದಷ್ಟೆ. ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಕೆಯೇ ಸುರಕ್ಷಿತ ಎಂಬುದು ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯ ಮಾತು. ತರಕಾರಿ, ಕಾಳು, ಮಿತವಾದ ಎಣ್ಣೆ-ಸಕ್ಕರೆ, ನಿತ್ಯ ನಡಿಗೆ, ಸಾಕಷ್ಟು ನಿದ್ರೆ ಇವುಗಳಿಗೆ ಆಕರ್ಷಕ ಪೊಟ್ಟಣವಿಲ್ಲ, ಜಾಹೀರಾತೂ ಇಲ್ಲ. ಆದರೆ ಇವುಗಳಿಂದ ಇಳಿದ ತೂಕ ಎರಡು ದಿನದಲ್ಲಿ ಮರಳಿ ಬರುವುದಿಲ್ಲ, ಯಕೃತ್ತು, ಮೂತ್ರಪಿಂಡಗಳೂ ಅದಕ್ಕೆ ಬೆಲೆ ತೆರಬೇಕಾಗುವುದಿಲ್ಲ.